ಸಂತರ ಚಪ್ಪಲಿಯಲ್ಲಿ ಒಂಬತ್ತು ದಿನ

ಬೆಳಗಿನ ಐದು ಗಂಟೆ. ಲಿಮಾದಿಂದ ಬಹು ದೂರದ ಬೆಟ್ಟದೂರು ಯಾನಚಾಕದಲ್ಲಿ ಸೇತುವೆಯಡಿಯ ಹೊಳೆಯೊಂದು ಬಿಟ್ಟರೆ ಇನ್ನೂ ಯಾರೂ ಬಾಯಿ ತೆರೆದಿಲ್ಲ. ಸೇತುವೆಯ ಈ ತುದಿಯ ತಗಡಿನ ಅಂಗಡಿಯಲ್ಲಿ ಸೆನೋಬಿಯಾ ಯೌರಿ ಮಂಡಿಗಳ ನಡುವೆ ಲಾರಿ ಟೈರಿನ ತುಂಡೊಂದನ್ನು ಒತ್ತಿ ಹಿಡಿದು ಕೂತಿದ್ದಾರೆ. ಪಕ್ಕದ ಡಬ್ಬಿಯಲ್ಲಿ ಹೊಳೆಯ ನೀರು. ಚೂರಿಯನ್ನು ಅದರಲ್ಲಿ ಅದ್ದುತ್ತಾರೆ, ರಬ್ಬರಿಗೆ ಇಟ್ಟು ಎಳೆಯುತ್ತಾರೆ, ಮತ್ತೆ ಅದ್ದುತ್ತಾರೆ. ಒಣ ಚೂರಿ ರಬ್ಬರಿನಲ್ಲಿ ಕಚ್ಚಿಕೊಂಡು ನಿಂತುಬಿಡುತ್ತದೆ. ಒದ್ದೆ ಚೂರಿ ಮಾತ್ರ ಮುಂದೆ ಹೋಗುತ್ತದೆ.

"ಚಳಿಗೆ ಟೈರು ಮುನಿಸ್ಕೊಂಡಿರುತ್ತೆ," ಎನ್ನುತ್ತಾರೆ ಅವರು. "ಸ್ವಲ್ಪ ಮಾತಾಡಿಸ್ಬೇಕು. ಬಿಸಿಲು ಬಂದ್ಮೇಲೆ ಯಾರು ಬೇಕಾದ್ರೂ ಕತ್ತರಿಸ್ತಾರೆ."

ಅರವತ್ತಮೂರರ ಸೆನೋಬಿಯಾ ಟೈರಿನ ಚಪ್ಪಲಿ ಮಾಡುವವರು. ಈ ಬೆಟ್ಟಗಳಲ್ಲಿ ಅವರ ಚಪ್ಪಲಿ ಮೆಟ್ಟದ ಕಾಲು ಕಡಿಮೆ. ಆದರೆ ಈಗ ಅವರದೇ ಕಾಲಲ್ಲಿರುವ ಹೊಸ ಜೋಡಿ ಅವರದಲ್ಲ. ಅಳತೆ ಕೊಟ್ಟು ಮಾಡಿಸಿದಂತೆ ಅವರ ಕಾಲಿಗೆ ಕೂತಿದ್ದರೂ ಅದು ಊರಿನ ಸಂತ ತೊರಿಬಿಯೊ ಅವರದು. ಎಂಟು ದಿನಗಳಿಂದ ಅದನ್ನು ಮೆಟ್ಟಿಕೊಂಡು ದಿನಕ್ಕೊಂದು ಹಟ್ಟಿಗೆ ನಡೆದು ಬರುತ್ತಿದ್ದಾರೆ. ಇಂದು ಒಂಬತ್ತನೆಯ ದಿನ, ಎಲ್ಲಕ್ಕಿಂತ ಮೇಲಿರುವ ವಾಮನ್‌ಪಾತ ಹಟ್ಟಿಯ ಸರದಿ. ಸಂಜೆ ಹೊತ್ತಿಗೆ ಇಳಿದು ಬಂದು ಈ ಜೋಡಿಯನ್ನು ಇಗರ್ಜಿಗೆ ಒಪ್ಪಿಸಬೇಕು. ನಾಳೆ ಹಬ್ಬ.

ಹೊಸ ಟೈರಿನ ಚಪ್ಪಲಿ ಕಚ್ಚುತ್ತದೆ. ಮೊದಲ ವಾರ ಹಿಮ್ಮಡಿ ಬೊಬ್ಬೆ ಏಳುತ್ತದೆ, ಬಾರು ಉಜ್ಜಿ ಚರ್ಮ ಕೀಳುತ್ತದೆ. ಆ ಕಚ್ಚು ಸಂತರ ಕಾಲಿಗೆ ತಾಗಬಾರದು, ಮೊದಲು ಮನುಷ್ಯರ ಕಾಲೊಂದು ಅದನ್ನು ಉಂಡು ಮುಗಿಸಿರಬೇಕು ಎಂಬುದು ಇಲ್ಲಿನ ಕಟ್ಟಳೆ. ಮೂವತ್ತೊಂದು ವರ್ಷಗಳಿಂದ ಆ ಕಾಲು ಸೆನೋಬಿಯಾ ಅವರದು. ಹಬ್ಬದ ಪತ್ರಿಕೆಯಲ್ಲಿ ಬ್ಯಾಂಡಿನವರ ಹೆಸರು ಇರುತ್ತದೆ, ಪಟಾಕಿ ಕೊಟ್ಟವರ ಹೆಸರೂ ಇರುತ್ತದೆ. ಇವರ ಹೆಸರು ಇದುವರೆಗೆ ಬಂದಿಲ್ಲ.

ತೊರಿಬಿಯೊ ನಾಲ್ಕು ಶತಮಾನಗಳ ಹಿಂದೆ ಲಿಮಾದ ಮಹಾಧರ್ಮಾಧ್ಯಕ್ಷರಾಗಿದ್ದವರು. ಸ್ಪೇನಿನಿಂದ ಬಂದವರು, ಬಂದು ನಮ್ಮ ಮಾತು ಕಲಿತವರು. ಪೀಠದ ಮೇಲೆ ಕೂರದೆ ಬೆಟ್ಟದಿಂದ ಬೆಟ್ಟಕ್ಕೆ ನಡೆದವರು. ನಮ್ಮವರ ಬೆವರಿನಲ್ಲಿ ಕೊಬ್ಬಿದ ಅಧಿಕಾರಿಗಳಿಗೂ, ಅವರ ಜೊತೆ ಸೇರಿದ ಪಾದ್ರಿಗಳಿಗೂ ಎದುರು ನಿಂತವರು. ಇಷ್ಟು ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಯಾನಚಾಕದ ಅಜ್ಜಿಯರ ಬಾಯಲ್ಲಿದೆ. ಹೊಳೆಯಾಚೆ ಆಗ ಒಂದು ನೇಯ್ಗೆಯ ಕೊಟ್ಟಿಗೆ ಇತ್ತಂತೆ. ದುಡಿಯಲು ಹಿಡಿದು ತಂದವರು ಕಲ್ಲುಬೆಟ್ಟ ಹತ್ತಿ ಓಡಿಹೋಗದಂತೆ ಯಜಮಾನ ಅವರೆಲ್ಲರ ಚಪ್ಪಲಿಗಳನ್ನು ಕಿತ್ತು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದನಂತೆ. ತೊರಿಬಿಯೊ ಬಂದರು, ಬರಿಗಾಲುಗಳನ್ನು ನೋಡಿದರು, ಹೊಸ್ತಿಲ ಮೇಲೆ ಕೂತು ತಮ್ಮ ಬೂಟುಗಳನ್ನು ಬಿಚ್ಚಿ "ಇದನ್ನೂ ಅದೇ ಪೆಟ್ಟಿಗೆಗೆ ಹಾಕು" ಎಂದರು. ಒಂಬತ್ತು ದಿನ ಬರಿಗಾಲಲ್ಲೇ ಒಂಬತ್ತು ಹಟ್ಟಿ ಸುತ್ತಿ ಪ್ರತಿಯೊಬ್ಬರ ಅಳಲು ಕೇಳಿಕೊಂಡು ಬಂದರು. ಹತ್ತನೆಯ ದಿನ ಪೆಟ್ಟಿಗೆಯ ಬೀಗ ತೆರೆಯಿತು. ಬೂಟು ಹಾಕಿಕೊಳ್ಳಲು ಬಗ್ಗಿದವರ ಮುಂದೆ ಮುದುಕಿಯೊಬ್ಬಳು ಒಂದು ಜೋಡಿ ಚಪ್ಪಲಿ ಇಟ್ಟು, "ಹೊಸದು ಕಚ್ಚುತ್ತೆ ಅಪ್ಪಾ, ನಾನು ಮೆಟ್ಟಿ ಹದ ಮಾಡಿದೀನಿ" ಅಂದಳಂತೆ.

ಅಲ್ಲಿಂದೀಚೆಗೆ ಇಲ್ಲಿಯ ಇಗರ್ಜಿಯಲ್ಲಿ ಮರದ ಮೂರ್ತಿಯಾಗಿ ನಿಂತ ಸಂತರು ಚಪ್ಪಲಿ ಮೆಟ್ಟುತ್ತಾರೆ. ಹಬ್ಬಕ್ಕೆ ಹದಿನೈದು ದಿನವಿರುವಾಗ ಹಳೆಯ ಜೋಡಿಯನ್ನು ಬಿಚ್ಚುತ್ತಾರೆ, ಸಂತರು ಬರಿಗಾಲಲ್ಲಿ ಕಾಯುತ್ತಾರೆ. ಅಟ್ಟೆ ಪ್ರತಿವರ್ಷ ಸವೆದಿರುತ್ತದೆ. ವರ್ಷವಿಡೀ ಊರೂರು ನಡೆದದ್ದಕ್ಕೆ ಸವೆದಿದೆ ಎಂದು ಜನ ಕಣ್ಣಿಗೊತ್ತಿಕೊಳ್ಳುತ್ತಾರೆ. ಹದ ಮಾಡಲು ಒಂಬತ್ತು ದಿನ ನಡೆದವರು ಸೆನೋಬಿಯಾ. ಅಷ್ಟಕ್ಕೆ ಎಷ್ಟು ಸವೆಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಅಟ್ಟೆ ಅದಕ್ಕಿಂತ ಹೆಚ್ಚೇ ಸವೆದಿರುತ್ತದೆಯೇ ಎಂದು ಕೇಳಿದರೆ ಚೂರಿಯನ್ನು ನೀರಿಗೆ ಅದ್ದುತ್ತಾರೆ.

ಈ ಕೆಲಸ ಅವರಿಗೆ ಗಂಡನ ಕಡೆಯಿಂದ ಬಂತು. ಗಂಡ ಗಣಿಯಲ್ಲಿ ದುಡಿದು ಎದೆ ತುಂಬ ಧೂಳು ತುಂಬಿಕೊಂಡು ಮನೆಗೆ ಬಂದವರು. ಕೂತು ಮಾಡುವ ಕೆಲಸ ಬೇಕೆಂದು ಟೈರು ಹಿಡಿದರು. ಎರಡು ವರ್ಷ ಅವರು ಗೆರೆ ಎಳೆದರು, ಇವರು ಕತ್ತರಿಸಿದರು. ಆಮೇಲೆ ಗೆರೆಯನ್ನೂ ಇವರೇ ಎಳೆಯಬೇಕಾಯಿತು. ಮೂವರು ಹೆಣ್ಣುಮಕ್ಕಳು ಇದೇ ಅಂಗಡಿಯಲ್ಲಿ ರಬ್ಬರಿನ ಚೂರುಗಳಲ್ಲಿ ಆಡಿ ಬೆಳೆದರು. ಎಡಗೈ ತೋರುಬೆರಳಿನ ತುದಿ ಒಂದು ಮಳೆಗಾಲದ ಬೆಳಿಗ್ಗೆ ಚೂರಿಗೆ ಹೋಯಿತು. "ಸಿಕ್ಕಿತ್ತು, ಹೊಳೆಗೆ ಹಾಕ್ದೆ. ಅದನ್ನ ಇಟ್ಕೊಂಡು ಏನ್ ಮಾಡ್ಲಿ?" ಎಂದು ನಗುತ್ತಾರೆ.

ಒಂದು ಲಾರಿ ಟೈರಿಗೆ ಹತ್ತು ಜೋಡಿ. ಒಂದು ಜೋಡಿಗೆ ಮೂವತ್ತಾರು ಮೊಳೆ. ಹಿಂದೆ ದಿನಕ್ಕೆ ಎಂಟು ಜೋಡಿ ಹೋಗುತ್ತಿತ್ತು, ಪೇಟೆಯ ಪ್ಲಾಸ್ಟಿಕ್ ಚಪ್ಪಲಿ ಬಂದ ಮೇಲೆ ನಾಲ್ಕಕ್ಕೆ ಇಳಿದಿದೆ. ಗೋಡೆಯ ತುಂಬ ರಟ್ಟಿನ ಮೇಲೆ ಬರೆದ ಕಾಲುಗಳ ಗೆರೆಗಳು ತೂಗುತ್ತವೆ, ಪ್ರತಿಯೊಂದಕ್ಕೂ ಹೆಸರು. ಸಂತರಿಗೆ ಮಾತ್ರ ರಟ್ಟಿಲ್ಲ. ಅವರ ಪಾದವನ್ನು ಸೆನೋಬಿಯಾ ನೋಡಿಲ್ಲ, ಊರಲ್ಲಿ ಯಾರೂ ನೋಡಿಲ್ಲ, ನಿಲುವಂಗಿಯ ಅಂಚು ಎತ್ತುವ ಹಾಗಿಲ್ಲ. ಹೋದ ವರ್ಷದ ಜೋಡಿಯನ್ನು ರಬ್ಬರಿನ ಮೇಲಿಟ್ಟು ಮೊಳೆಯ ತುದಿಯಿಂದ ಸುತ್ತ ಗೆರೆ ಎಳೆದು ಹೊಸದನ್ನು ಕತ್ತರಿಸುತ್ತಾರೆ. ಇಗರ್ಜಿಯ ಒಳಗೆಲಸ ನೋಡಿಕೊಳ್ಳುವ ಮೇಸ್ತ ಫಿದೆನ್ಸಿಯೊ, ಎಪ್ಪತ್ತರ ಹತ್ತಿರದ ಮುದುಕ, ಬಟ್ಟೆಯೊಳಗೆ ಕೈ ಹಾಕಿ ತಡವಿ ಬಾರು ಬಿಗಿಯುತ್ತಾನೆ.

ಈ ವರ್ಷ ಆತ ಬಾರು ಬಿಗಿಯುತ್ತಾನೋ ಇಲ್ಲವೋ ಗೊತ್ತಿಲ್ಲ. ಇಗರ್ಜಿಯ ಮೇಜಿನ ಮೇಲೆ ನಾಲ್ಕು ದಿನದಿಂದ ಒಂದು ಪೆಟ್ಟಿಗೆ ಕೂತಿದೆ. ಒಳಗೆ ಸಂತರಿಗೆಂದೇ ಮಾಡಿಸಿದ ಬೆಳ್ಳಿಯ ಬಕಲ್ಲಿನ ಕೆಂಪು ಚರ್ಮದ ಬೂಟುಗಳು. ತಂದವರು ಈ ಸಲದ ಹಬ್ಬದ ಯಜಮಾನ ಗ್ಲಿಸೇರಿಯೊ. ಇಲ್ಲೇ ಹುಟ್ಟಿ ಚಿಕ್ಕಂದಿನಲ್ಲೇ ಲಿಮಾ ಸೇರಿ ಅಲ್ಲಿ ಬೇಕರಿ ನಡೆಸುವವರು. ಸೋರುತ್ತಿದ್ದ ಇಗರ್ಜಿಗೆ ಹೊಸ ಮಾಡು ಹಾಕಿಸಿಕೊಟ್ಟವರೂ ಅವರೇ. ಆ ಮಾಡಿನ ಕೆಳಗೆ ನಿಂತು ಅವರಿಗೆ ಬೇಡ ಅನ್ನುವ ಬಾಯಿ ಊರಲ್ಲಿ ಇಲ್ಲ.

ಸೆನೋಬಿಯಾ ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. "ಚಪ್ಪಲಿ ಮಾಡೋಳು ಚಪ್ಪಲಿ ಮಾಡ್ಬೇಕು. ಯಾರ ಕಾಲಿಗೆ ಏನು ಅಂತ ನಾನ್ ಹೇಳೋಕಾಗುತ್ತಾ?" ಎಂದು ಚೂರಿ ಒರೆಸಿ ಇಡುತ್ತಾರೆ. ಮುನ್ಯಾ ಸೊಪ್ಪಿನ ಕಷಾಯ ಕುಡಿದು, ಹುರಿದ ಜೋಳವನ್ನು ಶಾಲಿನ ಅಂಚಿಗೆ ಕಟ್ಟಿಕೊಂಡು ಏಳುತ್ತಾರೆ. ಎದ್ದ ಮೇಲೆ ಮೆಲ್ಲಗೆ ಇನ್ನೊಂದು ಮಾತು ಬರುತ್ತದೆ. "ಆದ್ರೆ ಎಂಟು ಹಟ್ಟಿಯವರು ಹೇಳಿದ್ದು ಇದೆಯಲ್ಲ. ಅದನ್ನ ಎಲ್ಲಿಡ್ಲಿ?"

ಆ ಪ್ರಶ್ನೆ ಅರ್ಥವಾಗಲು ಅವರ ಹಿಂದೆ ವಾಮನ್‌ಪಾತಕ್ಕೆ ಹತ್ತಬೇಕು. ನಾಲ್ಕು ಗಂಟೆಯ ಏರು. ಬಲ ಮಂಡಿ ಈಗೀಗ ಕೈಕೊಡುವುದರಿಂದ ಅವರು ದೊಡ್ಡ ಕಲ್ಲುಗಳನ್ನು ಅಡ್ಡಡ್ಡವಾಗಿ ಹತ್ತುತ್ತಾರೆ. ಮೇಲಿನ ಹುಲ್ಲುಗಾವಲಿನಲ್ಲಿ ಏಳೆಂಟು ಕಲ್ಲುಮನೆಗಳು, ಕುರಿದೊಡ್ಡಿ. ಜನ ಆಗಲೇ ಕಾದಿದ್ದಾರೆ. ಸೆನೋಬಿಯಾ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತು ಕಾಲು ಚಾಚುತ್ತಾರೆ. ಒಬ್ಬೊಬ್ಬರೇ ಬಂದು ಮಂಡಿಯೂರಿ, ಚಪ್ಪಲಿಗೆ ಬಾಯಿ ಹತ್ತಿರ ತಂದು, ತಮ್ಮ ಅಳಲನ್ನು ಅದಕ್ಕೆ ಹೇಳಿ ಏಳುತ್ತಾರೆ. ಸಂತರು ಅದನ್ನು ಮೆಟ್ಟಿದ ಗಳಿಗೆ ಅವರಿಗೆ ಎಲ್ಲವೂ ತಿಳಿಯುತ್ತದೆ, ಯಾರ ಮನೆಗೆ ಮೊದಲು ಹೋಗಬೇಕು ಎಂಬುದೂ ತಿಳಿಯುತ್ತದೆ. ಹೇಳುವವರು ಹೇಳುವಷ್ಟು ಹೊತ್ತು ಸೆನೋಬಿಯಾ ದೂರದ ಹಿಮದ ತುದಿ ನೋಡುತ್ತಾ ಕೂತಿರುತ್ತಾರೆ. ಕಿವಿಗೆ ಬಿದ್ದದ್ದನ್ನು ಮೂವತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಬಾಯಿಗೆ ತಂದಿಲ್ಲ.

ಇಲ್ಲಿನ ಸೂಲಗಿತ್ತಿ ಉರ್ಬಾನಾ ಮಾತ್ರ ಮೆಲ್ಲಗೆ ಹೇಳುವವಳಲ್ಲ. ಐದು ಹಟ್ಟಿಗಳ ಹೆರಿಗೆಗೆ ಹಗಲು ರಾತ್ರಿಯೆನ್ನದೆ ನಡೆಯುವ ಹೆಂಗಸು. ಅತಿ ಹೆಚ್ಚು ನಡೆಯುವವರಿಗೆ ಸಂತರ ಹಳೆಯ ಜೋಡಿ ಕೊಡುವ ಪದ್ಧತಿಯಂತೆ ಈ ವರ್ಷ ಅದು ಆಕೆಗೆ. ಅವಳು ಚಪ್ಪಲಿಯ ಹತ್ತಿರ ಬಗ್ಗಿ ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ:

"ತೈತಾ, ರಸ್ತೆ ಮಾಡೋರು ನಮ್ಮ ಒರತೆ ಮೇಲೆ ಮಣ್ಣು ಸುರಿದು ಹೋಗಿದಾರೆ. ಮೂರು ಸಲ ಕೆಳಗಿನ ಕಚೇರಿಗೆ ಹೋದೆ. ಬಾಗಿಲಲ್ಲಿ ನಿಲ್ಲಿಸಿ 'ನಾಳೆ ಬಾ' ಅಂತಾರೆ. ನೀವೇ ಒಂದ್ಸಲ ಬಂದು ನೋಡಿ. ಬೇಗ ಬನ್ನಿ, ಕುರಿಗಳು ಆಲೂಗಡ್ಡೆ ತೊಳೆದ ನೀರು ಕುಡೀತಿವೆ."

ತೈತಾ ಅಂದರೆ ಅಪ್ಪ. ಇಲ್ಲಿ ಸಂತರನ್ನು ಕರೆಯುವುದೇ ಹಾಗೆ.

ಇಳಿಯುವಾಗ ಉರ್ಬಾನಾ ಜೊತೆಗೇ ಬರುತ್ತಾಳೆ. ದಾರಿಯಲ್ಲಿ ಸೆನೋಬಿಯಾ ಬೂಟಿನ ವಿಷಯ ಹೇಳುತ್ತಾರೆ. ಉರ್ಬಾನಾ ನಿಂತುಬಿಡುತ್ತಾಳೆ.

"ಬೂಟಾ? ಆ ಬೂಟಿಗೆ ನಾವೇನೂ ಹೇಳಿಲ್ಲವಲ್ಲಮ್ಮ."

"ಅದೇ," ಎನ್ನುತ್ತಾರೆ ಸೆನೋಬಿಯಾ. ಇಬ್ಬರೂ ಸೇತುವೆಯತ್ತ ಇಳಿಯುತ್ತಾರೆ.

ಸಂಜೆ ಐದಕ್ಕೆ ಇಗರ್ಜಿಯಲ್ಲಿ ಹೆಂಗಸರು ನೆಲದ ಮೇಲೆ ಸಾಲಾಗಿ ಕೂತು ಪದ ಹೇಳುತ್ತಿದ್ದಾರೆ. ಒಬ್ಬಳು ಎತ್ತುತ್ತಾಳೆ, ಉಳಿದವರು ಇಳಿಸುತ್ತಾರೆ. ಬರೆದಿಟ್ಟ ಪದವಲ್ಲ, ತಾಯಿಯ ಮಡಿಲಲ್ಲಿ ಕೂತು ಕೇಳಿ ಬಂದದ್ದು:

ಬರಿಗಾಲ ಮಂದಿಯ ಹೊಸ್ತಿಲಲಿ ಕೂತವನೆ,
ಬೂಟು ಬಿಚ್ಚಿಟ್ಟು ನಮ್ಮೊಳಗೆ ಬಂದವನೆ,
ಏಳು ತೈತಾ, ದಾರಿ ಕಾದಾವೆ.

ಸಂತರು ಕೆಳಗಿಳಿದು ಮೆರವಣಿಗೆಯ ಮಣೆಯ ಮೇಲೆ ನಿಂತಿದ್ದಾರೆ. ಪಾದ್ರಿಗಳು ಎರಡು ಕಣಿವೆಯಾಚೆಯಿಂದ ನಾಳೆ ಬೆಳಿಗ್ಗೆ ಬಲಿಪೂಜೆಯ ಹೊತ್ತಿಗಷ್ಟೇ ಬರುವವರು. ಇವತ್ತಿನದು ಊರಿನವರದೇ ಕೆಲಸ. ಗ್ಲಿಸೇರಿಯೊ ಕಪ್ಪು ಕೋಟು ತೊಟ್ಟು ಪೆಟ್ಟಿಗೆ ಹಿಡಿದು ಬರುತ್ತಾರೆ. ಸೆನೋಬಿಯಾ ಕಾಲಿನಿಂದ ಚಪ್ಪಲಿ ಬಿಚ್ಚಿ, ಒರೆಸಿ, ಎರಡೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಿಂತಿದ್ದಾರೆ.

"ದೋನ್ಯಾ ಸೆನೋಬಿಯಾ, ಅಮ್ಮಾ, ಬೇಜಾರ್ ಮಾಡ್ಕೋಬೇಡಿ," ಎನ್ನುತ್ತಾರೆ ಗ್ಲಿಸೇರಿಯೊ. "ನಾನು ಒಂಬತ್ತನೇ ವಯಸ್ಸಲ್ಲಿ ಇದೇ ಟೈರು ಚಪ್ಪಲೀಲಿ ಲಿಮಾದ ಶಾಲೆಗೆ ಹೋದೋನು. ನಾನು ಒಳಗೆ ಬಂದ್ರೆ ಹುಡುಗರೆಲ್ಲ ಹಾರ್ನ್ ಹೊಡೆಯೋರು. ಲಾರಿ ಬಂತು, ಜಾಗ ಬಿಡಿ ಅನ್ನೋರು. ಮೂರು ವರ್ಷ ಹೊಡೆದ್ರು. ನಾಳೆ ಫೋಟೋ ಎಲ್ಲಾರ ಫೋನಿಗೂ ಹೋಗುತ್ತೆ. ನಮ್ ತೈತಾನ್ನ ನೋಡಿ ಯಾರೂ ಹಾರ್ನ್ ಹೊಡೀಬಾರದು."

ಹೆಂಗಸರ ಪದ ನಿಂತಿದೆ. ಉರ್ಬಾನಾ ಹಿಂದಿನಿಂದ ಹೇಳುತ್ತಾಳೆ:

"ಹೊಡೆದ್ರೆ ಹೊಡೀಲಿ ಸ್ವಾಮಿ. ಒಂಬತ್ತು ಹಟ್ಟಿಯ ಮಾತು ಆ ಚಪ್ಪಲೀಲಿದೆ. ನಿಮ್ಮ ಬೂಟಲ್ಲಿ ಏನಿದೆ?"

ಗ್ಲಿಸೇರಿಯೊ ಬೂಟು ಹಿಡಿದು ಮಂಡಿಯೂರುತ್ತಾರೆ. ಫಿದೆನ್ಸಿಯೊ ಸಂತರನ್ನು ಸ್ವಲ್ಪ ಎತ್ತಿ ಹಿಡಿಯುತ್ತಾನೆ. ಒಂದು ಬೂಟು ಬಟ್ಟೆಯೊಳಗೆ ಹೋಗುತ್ತದೆ, ಮಣೆ ಅಲುಗಿದ ಕೂಡಲೇ ಕಳಚಿ ಹೊರಗುರುಳುತ್ತದೆ. ಮತ್ತೆ ಹಾಕುತ್ತಾರೆ, ಮತ್ತೆ ಉರುಳುತ್ತದೆ. ಬಕಲನ್ನು ಕೊನೆಯ ತೂತಿಗೆ ಬಿಗಿದರೂ ಅಷ್ಟೇ.

"ಅಳತೆ ಕೊಟ್ಟೋನು ನೀನೇ ಅಲ್ವಾ?" ಎಂದು ಗ್ಲಿಸೇರಿಯೊ ಫಿದೆನ್ಸಿಯೊನತ್ತ ತಿರುಗುತ್ತಾರೆ.

"ಕೊಟ್ಟೆ. ಹಳೇ ಚಪ್ಪಲಿಗೆ ದಾರ ಹಿಡಿದು ಅಳೆದು ಫೋನಲ್ಲಿ ಹೇಳ್ದೆ. ಒಂದು ನೂಲೂ ತಪ್ಪಿಲ್ಲ."

"ಹಾಗಾದ್ರೆ ಇದೇನು?" ಸಿಟ್ಟಿನ ಭರದಲ್ಲಿ ಗ್ಲಿಸೇರಿಯೊ ನಿಲುವಂಗಿಯ ಅಂಚನ್ನು ಎತ್ತಿಬಿಡುತ್ತಾರೆ. ಹೆಂಗಸರು ಒಟ್ಟಿಗೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಯಾನಚಾಕ ಮೊದಲ ಬಾರಿಗೆ ತನ್ನ ಸಂತರ ಪಾದ ನೋಡುತ್ತದೆ. ಮರದಲ್ಲಿ ಕೆತ್ತಿದ ಎರಡು ಪುಟ್ಟ ಪಾದಗಳು. ಚಪ್ಪಲಿಗಿಂತ ಎರಡು ಬೆರಳಿನಷ್ಟು ಚಿಕ್ಕವು.

ಫಿದೆನ್ಸಿಯೊ ಟೋಪಿ ಕಳಚಿ ಎದೆಗೆ ಒತ್ತಿಕೊಳ್ಳುತ್ತಾನೆ. "ನನಗೆ ಗೊತ್ತಿತ್ತು," ಎನ್ನುತ್ತಾನೆ. "ವರ್ಷಾ ವರ್ಷಾ ಕೈಗೆ ಸಣ್ಣಗಾಗಿ ಸಿಗ್ತಿತ್ತು. ಬಾರು ಒಂದೊಂದು ತೂತು ಒಳಗೆ ಬಿಗೀತಿದ್ದೆ. ಅಷ್ಟು ನಡೆದ್ರೆ ಯಾರ ಕಾಲಾದ್ರೂ ಸವೆಯಲ್ವಾ? ಹೇಳಿದ್ರೆ ಜನ ಅಳ್ತಾರೆ ಅಂತ ಸುಮ್ನಿದ್ದೆ."

ಸೆನೋಬಿಯಾ ಕೈಯಲ್ಲಿದ್ದ ಚಪ್ಪಲಿಯನ್ನು ತಿರುಗಿಸಿ ನೋಡುತ್ತಾರೆ. ಆಮೇಲೆ ಆ ಮುದುಕನನ್ನು ನೋಡುತ್ತಾರೆ. ಅವರ ಮುಖಕ್ಕೆ ಬಣ್ಣ ಏರುತ್ತದೆ.

"ಅವರ ಕಾಲು ಸವೆದಿಲ್ಲ ಅಣ್ಣಾ. ತಪ್ಪು ನಂದು. ಹಳೇದರ ಸುತ್ತ ಗೆರೆ ಎಳೀತೀನಿ, ಗೆರೆಯ ಹೊರಗೆ ಕತ್ತರಿಸ್ತೀನಿ. ಆಮೇಲೆ ಒಂಬತ್ತು ದಿನ ನನ್ನ ಕಾಲು ಅದನ್ನ ಅಗಲ ಮಾಡುತ್ತೆ. ಮಾರನೇ ವರ್ಷ ಆ ಅಗಲದ ಮೇಲೆ ಮತ್ತೆ ಗೆರೆ. ಒಂದು ಕೂದಲು, ಇನ್ನೊಂದು ಕೂದಲು ಅಂತ ಮೂವತ್ತೊಂದು ವರ್ಷ." ನೆಲ ನೋಡುತ್ತಾ ಹೇಳುತ್ತಾರೆ. "ತೈತಾನಿಗೆ ಅಂತ ನನ್ನ ಕಾಲಿನ ಅಳತೇದೇ ಮಾಡ್ಕೊಂಡು ಬಂದಿದೀನಿ."

"ಸವೆದಿರೋದು ಕಾಲೇ," ಎನ್ನುತ್ತಾನೆ ಫಿದೆನ್ಸಿಯೊ ಹಟದಿಂದ. "ಇಪ್ಪತ್ತು ವರ್ಷ ಮುಟ್ಟಿರೋದು ನಾನಾ ನೀನಾ?"

ಅಷ್ಟರಲ್ಲಿ ಉರ್ಬಾನಾ ಮೇಜಿನ ಮೇಲಿದ್ದ ಹೋದ ವರ್ಷದ ಜೋಡಿಯನ್ನು ಕೆಳಗಿಟ್ಟು, ಮೆಟ್ಟಿ, ಇಗರ್ಜಿಯ ಬಾಗಿಲ ತನಕ ನಡೆದು ತಿರುಗಿ ಬರುತ್ತಾಳೆ. ಎಲ್ಲೂ ಸಡಿಲವಿಲ್ಲ, ಎಲ್ಲೂ ಒತ್ತುವುದಿಲ್ಲ. "ಹೆಚ್ಚಾಗಿದೆ ಅಂದೋರು ಯಾರು?" ಎಂದು ಕೇಳುತ್ತಾಳೆ. ಯಾರೋ ನಗುತ್ತಾರೆ, ನಗು ಸಾಲಿನುದ್ದಕ್ಕೂ ಹರಿಯುತ್ತದೆ.

ಗ್ಲಿಸೇರಿಯೊ ಇನ್ನೂ ಮಂಡಿಯ ಮೇಲೇ ಇದ್ದಾರೆ. ಕೆಂಪು ಬೂಟು ಅವರ ತೊಡೆಯ ಮೇಲಿದೆ. ಅದಕ್ಕೆ ಉಣ್ಣೆ ತುರುಕಿ ಹಾಕಬಹುದು ಎಂದು ಫಿದೆನ್ಸಿಯೊ ಹೇಳುತ್ತಾನೆ, ಆ ಮಾತಿನಲ್ಲಿ ಕೊಂಕಿಲ್ಲ. ಗ್ಲಿಸೇರಿಯೊ ಬೇಡವೆಂದು ತಲೆಯಾಡಿಸುತ್ತಾರೆ. ಬಹಳ ಹೊತ್ತು ಆ ಪುಟ್ಟ ಪಾದಗಳನ್ನು ನೋಡುತ್ತಾರೆ. ಆಮೇಲೆ ಬೂಟುಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿ, ಸೆನೋಬಿಯಾ ಕಡೆಗೆ ಕೈ ಚಾಚುತ್ತಾರೆ.

"ಕೊಡೀಮ್ಮ. ಕಟ್ಟೋಕೆ ಮುಂಚೆ... ನಾನೂ ಒಂದು ಮಾತು ಹೇಳಬಹುದಾ ಅದಕ್ಕೆ?"

"ನೀನು ಯಾವ ಊರೋನು?" ಎಂದು ಕೇಳುತ್ತಾರೆ ಸೆನೋಬಿಯಾ.

"ಯಾನಚಾಕದೋನೇ."

"ಹಾಗಾದ್ರೆ ಕೇಳ್ತೀಯ ಯಾಕೆ ಮಗಾ?"

ಗ್ಲಿಸೇರಿಯೊ ಚಪ್ಪಲಿಯನ್ನು ಬಾಯಿಯ ಹತ್ತಿರ ತಂದು ಏನೋ ಹೇಳುತ್ತಾರೆ. ಕೋಟಿನ ಬೆನ್ನು ಒಂದೆರಡು ಸಲ ಅಲುಗುತ್ತದೆ. ಹೆಂಗಸರು ಆ ಕಡೆ ನೋಡದೆ ಪದವನ್ನು ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಾರೆ. ಫಿದೆನ್ಸಿಯೊ ಬಟ್ಟೆಯ ಅಂಚನ್ನು ಇಳಿಸಿ, ಹಿಂದಿನಂತೆಯೇ ಕಣ್ಣು ಮುಚ್ಚಿಕೊಂಡು, ಕೊನೆಯ ತೂತಿಗೆ ಬಾರು ಬಿಗಿಯುತ್ತಾನೆ. ಟೈರಿನ ಚಪ್ಪಲಿಗೆ ಬಾರು ಇದೆ, ಎಷ್ಟು ಚಿಕ್ಕ ಕಾಲನ್ನೂ ಹಿಡಿದುಕೊಳ್ಳುತ್ತದೆ.

ಹಬ್ಬ ಮುಗಿಯುತ್ತದೆ. ಮೆರವಣಿಗೆಯ ಪಟದಲ್ಲಿ ನಿಲುವಂಗಿಯ ಕೆಳಗೆ ಕಪ್ಪು ರಬ್ಬರಿನ ಎರಡು ತುದಿಗಳು ಕಾಣುತ್ತವೆ. ಹಾರ್ನ್ ಹೊಡೆದವರ ಸುದ್ದಿ ಇನ್ನೂ ಬಂದಿಲ್ಲ. ಮೂರನೆಯ ದಿನ ಬೆಳಿಗ್ಗೆ ಗ್ಲಿಸೇರಿಯೊ ಲಿಮಾದ ಬಸ್ಸು ಹತ್ತದೆ, ಕಚೇರಿಯ ಬಾಗಿಲು ತೆರೆಯುವ ಮೊದಲೇ ಅದರ ಮೆಟ್ಟಿಲ ಮೇಲೆ ಕೂತಿದ್ದರು, ಪಕ್ಕದಲ್ಲಿ ಉರ್ಬಾನಾ ಇದ್ದಳು. ಕೋಟು ತೊಟ್ಟವರನ್ನು ಬಾಗಿಲಲ್ಲಿ ನಿಲ್ಲಿಸುವುದಿಲ್ಲವಲ್ಲ. ಒರತೆಯ ಮೇಲಿನ ಮಣ್ಣು ತೆಗೆಯುತ್ತೇವೆ ಎಂದು ಕಚೇರಿಯವರು ಬರೆದು ಕೊಟ್ಟಿದ್ದಾರೆ. ತೆಗೆದದ್ದನ್ನು ಈ ಬರಹ ಮುಗಿಯುವ ತನಕ ಯಾರೂ ನೋಡಿಲ್ಲ. ಉರ್ಬಾನಾ ವಾರಕ್ಕೊಮ್ಮೆ ಇಳಿದು ಬಂದು ಆ ಕಾಗದವನ್ನು ತೋರಿಸಿ ಹೋಗುತ್ತಿದ್ದಾಳೆ.

ಸೇತುವೆಯ ತುದಿಯ ಅಂಗಡಿಯಲ್ಲಿ ಮತ್ತೆ ಐದು ಗಂಟೆ, ಮತ್ತೆ ಒದ್ದೆ ಚೂರಿ. ಗ್ಲಿಸೇರಿಯೊ ಆವತ್ತು ಚಪ್ಪಲಿಗೆ ಏನು ಹೇಳಿದರು ಎಂದು ಹತ್ತಿರ ನಿಂತಿದ್ದ ಸೆನೋಬಿಯಾ ಅವರನ್ನು ಊರಲ್ಲಿ ಎಲ್ಲರೂ ಕೇಳಿದ್ದಾಗಿದೆ.

"ಚಪ್ಪಲಿಗೆ ಹೇಳಿದ್ದು ಚಪ್ಪಲಿಗೆ," ಎನ್ನುತ್ತಾರೆ.

ಈಗ ಸಂತರ ಪಾದ ಎಷ್ಟಿದೆ ಎಂದು ಗೊತ್ತಾಗಿದೆ. ಗೋಡೆಯ ಮೇಲೆ ಹೊಸ ರಟ್ಟೊಂದು ತೂಗುತ್ತಿದೆಯೇ ಎಂದು ಹುಡುಕಿದರೆ, ಇಲ್ಲ. ಮುಂದಿನ ವರ್ಷದ ಅಳತೆ ಯಾವುದು ಎಂದು ಕೇಳಿದಾಗ ಅವರು ಚೂರಿ ನಿಲ್ಲಿಸಿ ಮಂಡಿ ನೀವಿಕೊಳ್ಳುತ್ತಾರೆ.

"ಇದೇ ಅಳತೆ. ಆ ಪುಟ್ಟ ಕಾಲಿಗೆ ಸರಿಯಾಗಿ ಮಾಡಿದ್ರೆ ಅದು ಮರಕ್ಕೆ ಮಾಡಿದ ಹಾಗೆ. ಆಮೇಲೆ ಹಟ್ಟಿಗೆ ನಡೆಯೋರು ಯಾರು, ಹಳೇದನ್ನ ಮೆಟ್ಟೋರು ಯಾರು?" ಎಂದು ರಬ್ಬರನ್ನು ಬೆಳಕಿಗೆ ಹಿಡಿದು ಅಂಚು ನೋಡುತ್ತಾರೆ. "ನನಗೆ ಇನ್ನೇನೂ ಬೇಡ. ಈ ಮಂಡಿ ಇನ್ನೊಂದು ನಾಲ್ಕು ವರ್ಷ ವಾಮನ್‌ಪಾತ ಹತ್ತಿದ್ರೆ ಸಾಕು. ಆಮೇಲೆ ಉರ್ಬಾನಾ ಇದಾಳೆ. ನೋಡಿದ್ರಲ್ಲ, ಅವಳ ಕಾಲೂ ಇಷ್ಟೇ ಇದೆ."